ಮುಂದಿನ ಬಾಗಿಲಿನಿಂದಲೇ

“ಮುಂದಿನ ಬಾಗಲಾ ಬ್ಯಾಡೋ ಯಪ್ಪಾ. ಹಿಂದಿನ ಬಾಗಲದಿಂದ ಒಳಗ ಹೋಗ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಮನೆ ಮಾರಿದ ಮುದುಕಿ ಶಿವಗಂಗವ್ವ ಹೀಗೆ ಅಂದಾಗ ಯಲ್ಲೇಶ ನಕ್ಕ. ಸಂತೋಷದ ನಗೆಯಲ್ಲ ಅದು. ಇಂಥ ಮಾತನ್ನು ಬೇರೆ ಬೇರೆ ಬಾಯಿಗಳಲ್ಲಿ ಕೇಳಿ ಕೇಳಿ, ಹಲ್ಲಿನ ಮೇಲೆ ಕಿಲುಬಿನಂತೆ ಕೂತ ನಗೆ.

ಅವನು ಶಲವಡಿಯ ಕರೆಂಟಿನ ಲೈನ್‌ಮನ್. ನಾಲ್ಕು ವರ್ಷ ಬಾಡಿಗೆ ಕೋಣೆಯಲ್ಲಿ ಕಳೆದು ಸ್ವಂತ ಮನೆ ಹುಡುಕಲು ಹೊರಟಾಗ ಮೂರು ಮನೆ ಕೈತಪ್ಪಿದ್ದವು. ಮೊದಲನೆಯವರು ಮಗಳು ವಾಪಸ್ ಬರುತ್ತಾಳೆ ಅಂದರು. ಎರಡನೆಯವರು ವಾಸ್ತು ಅಂದರು. ಮೂರನೆಯವರು ಅವನ ಊರು ಕೇಳಿ, ಊರೊಳಗಿನ ಓಣಿ ಕೇಳಿ, ಚಹಾ ತರುತ್ತೇನೆಂದು ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಕೊನೆಗೆ ದಲಾಲಿ ಬೀರಲಿಂಗಪ್ಪ ಈ ಮನೆ ತೋರಿಸಿದ. ಲಿಂಗವಂತರ ಓಣಿಯ ನಟ್ಟನಡುವೆ, ಮಣ್ಣಿನ ಮಾಳಿಗೆಯ ಹಳೆಯ ಮನೆ. ಸಾಗವಾನಿಯ ಚೌಕಟ್ಟು, ಮೊಣಕಾಲೆತ್ತರದ ಕಲ್ಲಿನ ಹೊಸ್ತಿಲು. ಮುದುಕಿ ಚೌಕಾಸಿ ಮಾಡಲಿಲ್ಲ. ಅವಳ ಮಗ ಈರಪ್ಪ ಖರೀದಿ ಪತ್ರದ ದಿನವೂ ತುಟಿ ಬಿಚ್ಚಲಿಲ್ಲ. ಹೆಬ್ಬೆಟ್ಟು ಒತ್ತಿದ, ಎದ್ದು ಹೋದ. ನಮ್ಮಂಥವರ ಕೂಡ ಮಾತಾಡಿದರೆ ಮೈಲಿಗೆ ಇದ್ದೀತು ಎಂದು ಯಲ್ಲೇಶ ಅವತ್ತು ಹೆಂಡತಿ ಭಾಗ್ಯಾಳ ಕಿವಿಯಲ್ಲಿ ಅಂದಿದ್ದ.

ಅಂದು ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿದ್ದ. ಅಪ್ಪ ಅಂದಾನೆಪ್ಪ ಎಪ್ಪತ್ತು ವರ್ಷ ಗೌಡರ ಮನೆಯ ದನದ ಕೊಟ್ಟಿಗೆಯ ಬಾಗಿಲಿನಿಂದ ಒಳಹೋಗಿ, ಅದೇ ಬಾಗಿಲಿನಿಂದ ಹೊರಬಂದವನು. ಮುಂದಿನ ಹೊಸ್ತಿಲನ್ನು ಅಂಗಳದಿಂದ ನೋಡಿದ್ದನೇ ಹೊರತು ತುಳಿದಿರಲಿಲ್ಲ. “ಅಪ್ಪಾ, ಮುಂದಿನ ಬಾಗಲದಿಂದನ ಬಾ,” ಅಂದಿದ್ದ ಯಲ್ಲೇಶ. ಆಮೇಲೆ ಒಂದು ತಿಂಗಳು ಪ್ರತಿ ಫೋನಿನಲ್ಲೂ ಅದೇ ಮಾತು, ಜಪದ ಹಾಗೆ. ಇವತ್ತು ಸಂಜೆಯ ಬಸ್ಸಿಗೆ ಅಪ್ಪ ಬರುವವನಿದ್ದ.

ಇವತ್ತೇ ಈ ಮುದುಕಿ ಹಿಂದಿನ ಬಾಗಿಲು ತೋರಿಸುತ್ತಿದ್ದಳು.

“ಯಾಕಬೇ ಯಮ್ಮಾ?” ಅಂದ ಯಲ್ಲೇಶ. “ನಮ್ಮ ಕಾಲು ಬಿದ್ರ ಹೊಸ್ತಿಲಾ ಸೀಳತೈತೇನು?”

“ಹಂಗಲ್ಲೋ ನನ್ನಪ್ಪಾ. ಬೀರಲಿಂಗಪ್ಪಗ ಎಲ್ಲಾ ಹೇಳಿದ್ದೆ. ಅವ ನಿಮಗ ಹೇಳಲಿಲ್ಲೇನು?” ಮುದುಕಿ ಬಾಗಿಲ ಕಡೆಗೆ ಕಣ್ಣು ಹೊರಳಿಸಿ ದನಿ ಇಳಿಸಿದಳು. “ಅದರ ಮುಂದ ಅದರ ಮಾತು ಆಡಬಾರ್ದು. ಹಿತ್ತಲಕ್ಕ ಬಾ, ಹೇಳ್ತೀನಿ.”

“ಹಿತ್ತಲಕ್ಕ ಬಂದು ಬಂದು ನಮ್ಮಪ್ಪನ ಬೆನ್ನು ಬಾಗೇತಿ. ನಾ ಬರಾಂಗಿಲ್ಲ.”

ಪಡುವಣದಲ್ಲಿ ಮೋಡ ಎರೆಹೊಲದಷ್ಟೇ ಕಪ್ಪಾಗಿತ್ತು. ಗಾಳಿ ಬಿದ್ದುಹೋಗಿತ್ತು. ಟೆಂಪೊದ ಮೇಲೆ ಹಾಸಿಗೆ, ಮಂಚ, ಬಟ್ಟೆಯ ತಿಜೂರಿ, ಗೋಣಿಯಲ್ಲಿ ಸುತ್ತಿದ ಬುದ್ಧನ ಫೋಟೊ. ಚಾಲಕ ರಸೂಲಸಾಬ ಹಿಂದಿನ ಸಂದಿ ನೋಡಿ ಬಂದು ತಲೆಯಾಡಿಸಿದ.

“ಆ ಸಂದ್ಯಾಗ ಆಡು ಹೊಂಟ್ರ ಎದುರಿಗೆ ಕೋಳಿ ಬರಾಂಗಿಲ್ಲ. ತಿಜೂರಿ ಎಲ್ಲಿಂದ ಹೋಗಬೇಕು? ಮಳಿ ಬೇರೆ ಬಂತು. ಜಲ್ದಿ ಏನರ ಮಾಡ್ರಿ ಭಾವಾ.”

“ಕೀಲಿಕೈ ಕೊಡ್ರಿ,” ಯಲ್ಲೇಶ ಅಂಗಳದಲ್ಲಿ ನಿಂತಿದ್ದ ಈರಪ್ಪನ ಕಡೆ ಕೈ ಚಾಚಿದ.

ಈರಪ್ಪ ತಲೆಯಲ್ಲಾಡಿಸಿದ.

“ಕೀಲಿಕೈ ಇಲ್ಲೋ ಯಪ್ಪಾ,” ಅಂದಳು ಮುದುಕಿ. “ಬೆಣ್ಣಿಹಳ್ಳದಾಗ ಒಗದಾನ. ಹನ್ನೊಂದು ವರ್ಷ ಆತು.”

ಬಾಗಿಲಿಗೆ ಮುಷ್ಟಿಗಾತ್ರದ ಕೀಲಿ ಜೋತುಬಿದ್ದಿತ್ತು. ತುಕ್ಕು ಹಿಡಿದು ಒಣಗಿದ ರಕ್ತದ ಬಣ್ಣ. ಯಲ್ಲೇಶ ಟೆಂಪೊದಿಂದ ಹಾರೆ ಇಳಿಸಿದ. ಅಷ್ಟರಲ್ಲಿ ಈರಪ್ಪ ಓಡಿಬಂದು ಬಾಗಿಲಿಗೆ ಬೆನ್ನು ಹಚ್ಚಿ, ಎರಡೂ ತೋಳು ಅಡ್ಡ ಚಾಚಿ ನಿಂತ. ಬಾಯಿ ತೆರೆದ. ಒಳಗಿನಿಂದ ಗಾಣದ ಕಿರಗುಟ್ಟುವಿಕೆಯಂಥ ಸದ್ದು ಬಂತೇ ಹೊರತು ಮಾತು ಬರಲಿಲ್ಲ.

“ನೋಡ ಭಾಗ್ಯಾ, ನೋಡಿಲ್ಲೆ,” ಅಂದ ಯಲ್ಲೇಶ. “ರೊಕ್ಕಾ ಎಣಿಸಿ ತಗೊಂಡು ಈಗ ಅಡ್ಡ ನಿಂತಾನ.”

“ರೀ, ಒಂದೀಟು ತಡೀರಿ,” ಭಾಗ್ಯಾ ಅವನ ತೋಳು ಹಿಡಿದಳು. “ಹಿಂದ ಹೋಗಿ ನೋಡೇನಿ. ಹಿತ್ತಲ ಬಾಗಲದ ಪಾವಟಿಗಿ ಸವದು ಕುಣಿ ಬಿದ್ದೈತಿ. ಅವರೂ ಅಲ್ಲಿಂದನ ಅಡ್ಡಾಡ್ಯಾರ...”

ಅವನಿಗೆ ಕೇಳಿಸಲಿಲ್ಲ. ಸಾವಿರಾರು ವೋಲ್ಟಿನ ತಂತಿ ಬಿಗಿಯುವ ಕೈ ಅದು. ಈರಪ್ಪನ ಹೆಗಲು ಹಿಡಿದು ಬದಿಗೆ ನೂಕಿತು. ಹಾರೆಯ ತುದಿ ಕೀಲಿಯ ಕೊಂಡಿಗೆ ಸಿಕ್ಕಿತು. ಒಂದು ಏಟು. ಎರಡು. ಮೂರನೆಯದಕ್ಕೆ ಕೀಲಿ ಕಳಚಿ ಹೊಸ್ತಿಲ ಮೇಲೆ ಬಿತ್ತು.

ಬಿದ್ದ ಸದ್ದು ಕೇಳಲಿಲ್ಲ.

ಕಬ್ಬಿಣ ಕಲ್ಲಿನ ಮೇಲೆ ಬಿದ್ದರೂ, ಹತ್ತಿಯ ಮೇಲೆ ಬಿದ್ದಂತೆ, ಸದ್ದೇ ಇಲ್ಲ. ಬಾಗಿಲು ತಾನೇ ಒಳಗೆ ಸರಿಯಿತು. ಕತ್ತಲು ಎದುರಾಯಿತು. ಬಾವಲಿಯ ಹಿಕ್ಕೆ, ಮುಗ್ಗಿದ ಜೋಳ, ಅದರ ಅಡಿಯಲ್ಲಿ ಇನ್ನೊಂದು ವಾಸನೆ. ಜ್ವರದವರ ಮುಚ್ಚಿದ ಬಾಯಿ ತೆರೆದಾಗ ಬರುವ ವಾಸನೆ.

ಮಗಳು ಶಿವಾನಿಗೆ ಏಳು ವರ್ಷ. ಮುಂಜಾನೆಯಿಂದ ಟೆಂಪೊದ ಬಾಜು ಕುಣಿಯುತ್ತ ಹೊಸದಾಗಿ ಕಲಿತ ಏಳರ ಮಗ್ಗಿ ಒಪ್ಪಿಸುತ್ತಲೇ ಇದ್ದಳು. ಬಾಗಿಲು ತೆರೆದದ್ದೇ ತಡ, ಅಪ್ಪನ ಮೊಣಕೈ ಕೆಳಗಿನಿಂದ ನುಸುಳಿದಳು.

“ಏಳ್ಮೂರ್ಲ ಇಪ್ಪತ್ತೊಂದು, ಏಳ್ನಾಕ್ಲ ಇಪ್ಪತ್ತೆಂಟು, ಏಳೈದ್ಲ...”

ಹೊಸ್ತಿಲು ದಾಟಿದಳು. ದನಿ ನಿಂತಿತು. ದೀಪ ಊದಿದಂತೆ ನಿಂತಿತು.

ಒಳಗಿನ ಕತ್ತಲಲ್ಲಿ ಹುಡುಗಿ ತಿರುಗಿ ನಿಂತಳು. ತುಟಿಗಳು ಆಡುತ್ತಿದ್ದವು. ಗಂಟಲಿನ ನರ ಉಬ್ಬುತ್ತಿತ್ತು. ಸದ್ದಿಲ್ಲ. ಎರಡೂ ಕೈಯಿಂದ ಕೊರಳು ಹಿಡಿದುಕೊಂಡು ಓಡಿಬಂದು ತಾಯಿಯ ಸೀರೆಯಲ್ಲಿ ಮುಖ ಹುದುಗಿಸಿದಳು. ಮೈಯೆಲ್ಲ ಬಿಕ್ಕುತ್ತಿತ್ತು. ಬಿಕ್ಕಿಗೂ ಸದ್ದಿರಲಿಲ್ಲ.

ಆಗ ಅಂಗಳದಲ್ಲಿ ಯಾರೋ ಮಾತಾಡಿದರು.

“...ಬರ್ತೀನಿ.”

ಈರಪ್ಪ. ನೆಲದ ಮೇಲೆ ಬಿದ್ದಲ್ಲಿಂದಲೇ. ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡ. “ಬರ್ತೀನಿ,” ಅಂದ ಇನ್ನೊಮ್ಮೆ, ಬೆಚ್ಚಿ. ಶಿವಗಂಗವ್ವ ಎದೆ ಹಿಡಿದುಕೊಂಡು ಕುಸಿದಳು. ಮಗನ ದನಿ ಬಂದದ್ದಕ್ಕೆ ಅವಳ ಮುಖದಲ್ಲಿ ಬೆಳಕಿರಲಿಲ್ಲ. ಹುಡುಗಿಯನ್ನೇ ನೋಡುತ್ತಿದ್ದಳು.

“ಆತು,” ಅಂದಳು. “ಯಾವುದು ಆಗಬಾರ್ದಿತ್ತೋ ಅದು ಆತು.”

“ಏನಾತು? ಬೊಗಳಬೇ ಮುದುಕಿ!” ಯಲ್ಲೇಶ ಚೀರಿದ.

ಮುದುಕಿ ಹೇಳಿದಳು. ದಾಯಾದಿಗಳ ಕೂಡ ಹೊಲದ ವ್ಯಾಜ್ಯವಿತ್ತು. ಈರಪ್ಪ ನವಲಗುಂದದ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಿದ್ದ ಹಿಂದಿನ ರಾತ್ರಿ, ಹೊಸ್ತಿಲ ಕೆಳಗೆ ಬಾಯಿಕಟ್ಟಿನ ಮಾಟ ಹುಗಿದರು. ಮುಂಜಾನೆ ಅವನು ‘ಅವ್ವಾ, ಹೋಗಿ...’ ಎನ್ನುತ್ತ ಹೊಸ್ತಿಲು ದಾಟಿದ. ಅರ್ಧ ಮಾತು ಒಳಗೇ ಉಳಿಯಿತು.

“ಅಗದು ತಗದ್ರ ಒಳಗಿನ ದನಿನೂ ಅದರ ಕೂಡ ಸಾಯ್ತೈತಂತ. ಒಂದ ಬಾಯಿ ಹಿಡಸ್ತೈತಿ ಅದಕ್ಕ. ಮತ್ತೊಂದು ಬಾಯಿ ಮಾತಾಡಕೋತ ದಾಟಿದ್ರ, ಮೊದಲಿಂದು ಬಿಡ್ತೈತಿ. ನಾ ದಾಟತೀನಂತ ಹೋದೆ. ನನ್ನ ಬದ್ಲಿ ನೀ ಮೂಕಿ ಆಗಬ್ಯಾಡಂತ ಈರಪ್ಪ ಕೀಲಿ ಜಡದು, ಕೀಲಿಕೈ ಹಳ್ಳಕ್ಕ ಒಗದಾ.” ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು. “ನೀವು ದಾಟಿದ್ರ ನನ್ನ ಮಗಗ ಮಾತು ಬರತೈತಂತ ಗೊತ್ತಿತ್ತೋ ಯಪ್ಪಾ. ಗೊತ್ತಿದ್ದ ಬ್ಯಾಡಂದೆ.”

ಯಲ್ಲೇಶನ ಕೈಯಿಂದ ಹಾರೆ ಜಾರಿತು.

ಆಗ ಕೇಳಿಸಿತು. ಹೊಸ್ತಿಲ ಕಲ್ಲಿನ ಅಡಿಯಿಂದ, ಸಣ್ಣಗೆ, ಬಾವಿಯೊಳಗೆ ಬಿದ್ದ ಕೂಸು ಕರೆದಂತೆ.

“ಏಳೈದ್ಲ... ಏಳೈದ್ಲ... ಏಳೈದ್ಲ...”

ರಸೂಲಸಾಬ ದೇವರ ಹೆಸರು ಹೇಳುತ್ತ ಟೆಂಪೊದ ಹಿಂದೆ ಸರಿದ. ಭಾಗ್ಯಾ ಮಗಳ ಕಿವಿ ಮುಚ್ಚಿದಳು. ಮೊದಲ ಹನಿಗಳು ಬಿದ್ದವು. ಎರೆಮಣ್ಣಿನ ವಾಸನೆ ಎದ್ದಿತು. ಹೊಸ್ತಿಲ ಕಲ್ಲಿನ ಮೇಲೆ ಬಿದ್ದ ಹನಿಗೆ ಮಾತ್ರ ಸದ್ದಿರಲಿಲ್ಲ.

ಶಿವಗಂಗವ್ವ ಕೋಲೂರಿ ಎದ್ದಳು. “ಸರೀರಿ. ನಾ ದಾಟತೀನಿ. ಕೂಸಿನ ಬಾಯಿ ಬಿಡ್ಲಿ.”

“ಅವ್ವಾ!” ಈರಪ್ಪ ಅವಳ ಕಾಲು ತಬ್ಬಿದ. ಹನ್ನೊಂದು ವರ್ಷ ಆಡದಿದ್ದ ಆ ಒಂದು ಮಾತು ಎಷ್ಟು ಕರುಳಿನಿಂದ ಬಂತೆಂದರೆ, ಯಲ್ಲೇಶ ಕಣ್ಣು ಮುಚ್ಚಿಕೊಂಡ.

ಕೀಲಿ ಮುರಿದ ಕೈ ಯಾರದು?

ಅವನು ಮುದುಕಿಯನ್ನು ದಾಟಿ ಮುಂದೆ ಬಂದ. ಏನಾದರೂ ಮಾತಾಡುತ್ತ ದಾಟಬೇಕು. ಏನು? ಕಾಲು ಎತ್ತಿದ. ತಿಂಗಳಿಡೀ ಜಪಿಸಿದ ಮಾತೊಂದೇ ಬಾಯಿಗೆ ಬಂತು.

“ಅಪ್ಪಾ, ಮುಂದಿನ ಬಾಗಲದಿಂದನ...”

ಗಂಟಲೊಳಗೆ ತಣ್ಣನೆಯ ಬೆರಳೊಂದು ಇಳಿಯಿತು. ಮಾತಿನ ಬೇರನ್ನು ಹುಡುಕಿತು. ಹಿಡಿಯಿತು. ಜಗ್ಗಿತು.

“...ಮೂವತ್ತೈದು,” ಅಂದಳು ಶಿವಾನಿ. ತಾಯಿಯ ತೆಕ್ಕೆಯಲ್ಲಿ ಜೋರಾಗಿ ಅಳತೊಡಗಿದಳು.

ಯಲ್ಲೇಶ ಹೊರಗೆ ಬಂದು ಮಗಳ ತಲೆ ನೇವರಿಸಿದ. ಹೆಸರು ಹಿಡಿದು ಕರೆಯಲು ಹೋದ. ಬಾಯಿ ತುಂಬ ಬರೀ ಗಾಳಿ.

ಮಳೆ ಜೋರಾಯಿತು. ಹಾಸಿಗೆ ನೆನೆಯುತ್ತಿತ್ತು. ಯಾರೂ ಇಳಿಸಲಿಲ್ಲ. ಅದೇ ಹೊತ್ತಿಗೆ ಓಣಿಯ ತಿರುವಿನಲ್ಲಿ ಬಿಳಿ ರುಮಾಲು ಕಾಣಿಸಿತು. ಅಂದಾನೆಪ್ಪ. ಹೊಸ ಧೋತರ, ಬಗಲಲ್ಲಿ ಹಾಲುಕ್ಕಿಸಲು ತಂದ ಹಿತ್ತಾಳೆ ಪಾತ್ರೆ. ಮಳೆಯಲ್ಲೂ ಮುಖ ಅರಳಿತ್ತು.

ಭಾಗ್ಯಾ ಓಡಿಹೋಗಿ ಮಾವನ ಕೈ ಹಿಡಿದು, ಅಳುತ್ತ, ತಡವರಿಸುತ್ತ ಎಲ್ಲ ಹೇಳಿದಳು. ಮುದುಕ ಕೊನೆತನಕ ಕೇಳಿದ. ಆಮೇಲೆ ನಕ್ಕ. ಮಗನದೇ ನಗೆ. ಹಲ್ಲಿನ ಮೇಲೆ ಕೂತ ಕಿಲುಬು.

“ಹಿಂದಿನ ಬಾಗಲದಿಂದ ಬಾ ಅನ್ನಾಕ ಎಂಥೆಂಥಾ ಕತಿ ಕಟ್ತಾರ ತಂಗಿ. ನಾ ಎಪ್ಪತ್ತು ವರ್ಷದಿಂದ ಕೇಳೇನಿ.”

ಬಾಗಿಲ ಕಡೆ ನಡೆದ. ಯಲ್ಲೇಶ ಓಡಿಬಂದು ಚೌಕಟ್ಟಿಗೆ ಬೆನ್ನು ಹಚ್ಚಿ, ಎರಡೂ ತೋಳು ಅಡ್ಡ ಚಾಚಿ ನಿಂತ.

ಅಂದಾನೆಪ್ಪನ ಮುಖದ ನಗೆ ಆರಿತು.

“ನೀನೂ ತಡೀತೀಯೇನಲೇ?” ಅಂದ ಮೆಲ್ಲಗೆ. “ಅವರು ತಡದ್ರು, ಬಿಡು. ನೀನೂ?”

ಯಲ್ಲೇಶ ತಲೆಯಾಡಿಸಿದ. ಕೆನ್ನೆಯ ಮೇಲೆ ಮಳೆಯೋ ಕಣ್ಣೀರೋ ಇಳಿಯುತ್ತಿತ್ತು. ಬಾಯಿ ತೆರೆದ, ಮುಚ್ಚಿದ.

ಅವನ ಕಾಲ ಬುಡದಲ್ಲಿ, ಕಲ್ಲಿನ ಅಡಿಯಿಂದ, ಅವನದೇ ದನಿ ಕರೆಯಿತು.

“ಅಪ್ಪಾ, ಮುಂದಿನ ಬಾಗಲದಿಂದನ... ಅಪ್ಪಾ, ಮುಂದಿನ ಬಾಗಲದಿಂದನ...”

ಮುದುಕ ನಿಂತ. ಕಲ್ಲು ನೋಡಿದ. ಮಗನ ತುಟಿ ನೋಡಿದ. ಮುಚ್ಚಿದ ತುಟಿ. ಮತ್ತೆ ಕಲ್ಲು ನೋಡಿದ. ಸೊಸೆ ಹೇಳಿದ ಒಂದೊಂದೇ ಮಾತು ಅವನ ಮುಖದ ಮೇಲೆ ಹಾದುಹೋದದ್ದು ಕಂಡಿತು.

ಪಾತ್ರೆ ಕೆಳಗಿಟ್ಟ. ಚಪ್ಪಲಿ ಬಿಟ್ಟ.

“ತಮ್ಮಾ,” ಅಂದ, “ಎಪ್ಪತ್ತು ವರ್ಷ ಬಾಯಿ ಮುಚಗೊಂಡ ಇದ್ದಾವ ನಾನು. ನನಗ ರೂಢಿ ಐತಿ. ನಿನಗ ಬರಾಂಗಿಲ್ಲ ಅದು.”

ಯಲ್ಲೇಶ ಬೇಡ ಬೇಡವೆಂದು ತಲೆ ಬಡಿದುಕೊಂಡ. ತೋಳು ಇನ್ನೂ ಬಿಗಿದ. ಅಪ್ಪ ನೂಕಲಿಲ್ಲ. ಬಗ್ಗಿ ಬಗ್ಗಿ ಪಳಗಿದ ಬೆನ್ನು ಅದು. ಇನ್ನೊಮ್ಮೆ ಬಗ್ಗಿತು. ಮಗನ ತೋಳಿನ ಅಡಿಯಿಂದ ಹಾದು, ಅಪ್ಪ ಬಲಗಾಲು ಹೊಸ್ತಿಲ ಒಳಗಿಟ್ಟ.

“ನೀ ಮಾತಾಡ...”

“ಬಾ!” ಎಂದು ಯಲ್ಲೇಶನ ಬಾಯಿಂದ ಸಿಡಿಯಿತು, ಉಳಿದಿದ್ದ ಆ ಒಂದೇ ಅಕ್ಷರ.

ಅಪ್ಪ ಆಗಲೇ ಒಳಗಿದ್ದ. ಕತ್ತಲ ಪಡಸಾಲೆಯ ನಡುಗಂಬ ಮುಟ್ಟಿ ನೋಡಿದ. ತೊಲೆ ನೋಡಿದ. ರುಮಾಲು ತೆಗೆದು ಮುಖ ಒರೆಸಿಕೊಂಡು, ಮನೆಯ ಯಜಮಾನ ಕೂಡುವ ಹಾಗೆ, ಕಂಬಕ್ಕೆ ಬೆನ್ನು ಕೊಟ್ಟು ನೆಟ್ಟಗೆ ಕೂತ.

“ಅಪ್ಪಾ,” ಅಂದ ಯಲ್ಲೇಶ. “ಅಪ್ಪಾ. ಅಪ್ಪಾ.”

ಒಳಗಿನಿಂದ ಉತ್ತರವಿಲ್ಲ. ಕಲ್ಲಿನ ಅಡಿಯಿಂದ, ಮಳೆಯ ಸದ್ದಿಗೂ ಅಳಿಯದಂತೆ, ಅದೇ ಮೆತ್ತನೆಯ ದನಿ ಶುರುವಾಗಿತ್ತು.

“ನೀ ಮಾತಾಡ... ನೀ ಮಾತಾಡ... ನೀ ಮಾತಾಡ...”