ಎಂಟು ಕಿಲೋಮೀಟರ್

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಹೆಂಗಸೊಬ್ಬಳು ಠಾಣೆಯ ಮೆಟ್ಟಿಲು ಹತ್ತಿ ಬಂದು, ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ರೈಟರನ ಮೇಜಿನ ಮೇಲಿಟ್ಟು ನಿಂತಳು. ವಯಸ್ಸು ನಲವತ್ತಾರು. ವೃತ್ತಿ ಹೊಲಿಗೆ, ಬೀದಿಯವರಿಗೆಲ್ಲ ಆಕೆ ಟೈಲರಮ್ಮ. ರೈಟರ್ ಕಾಗದ ಓದಿದ. ಇನ್ನೊಮ್ಮೆ ಓದಿ, ಎದ್ದು, ಇನ್ಸ್‌ಪೆಕ್ಟರರ ಕೋಣೆಗೆ ಒಯ್ದ.

"ಮಂಗಳವಾರ ಸಂಜೆ 5.40ಕ್ಕೆ ನಮ್ಮ ಮನೆಯ ಗೇಟಿನಲ್ಲಿ, ನಾನು ಓಡಿಸುತ್ತಿದ್ದ ನಮ್ಮ ಹೊಸ ಆಟೋಮ್ಯಾಟಿಕ್ ಕಾರು ಮುಂದಕ್ಕೆ ಹಾರಿ ನನ್ನ ಗಂಡ ತೀರಿಕೊಂಡರು. ನಾನು ಬ್ರೇಕ್ ಬಿಟ್ಟು ಆಕ್ಸಿಲರೇಟರ್ ತುಳಿದೆನೋ, ಕಾರು ತಾನಾಗಿ ಹಾರಿತೋ ನನಗೆ ತಿಳಿಯದು. ತಾವು ತನಿಖೆ ಮಾಡಿ ತಿಳಿಸಬೇಕು."

ಆ ಸಾವಿನ ಬಗ್ಗೆ ಬಂದ ಎರಡನೆಯ ದೂರು ಇದು. ಮೊದಲನೆಯದನ್ನು ಸತ್ತವನ ಅಣ್ಣ ಅಂದೇ ಕೊಟ್ಟಿದ್ದ. ಅದರ ಮೇಲೆ ಎಫ್‌ಐಆರ್ ಆಗಿತ್ತು: ಅಜಾಗರೂಕ ಚಾಲನೆಯಿಂದ ಸಾವು. ಆರೋಪಿ, ಎದುರಿಗೆ ನಿಂತಿದ್ದ ಇದೇ ಹೆಂಗಸು.

"ಕೂತ್ಕೊಳ್ಳಿ," ಎಂದರು ಇನ್ಸ್‌ಪೆಕ್ಟರ್. ಆಕೆ ಕೂತಳು.

"ಮುಂಚೆ ಯಾವತ್ತಾದ್ರೂ ಹೀಗಾಗಿತ್ತಾ?"

"ಮೂರು ಸಲ. ಕಾಲು ತೆಗೆದ್ರೂ ಇಂಜಿನ್ ಕೂಗ್ತಿತ್ತು. ಒಂದ್ಸಲ ನಡುರಸ್ತೇಲಿ ಆಫ್ ಆಗಿ ನಿಂತೇಹೋಯ್ತು."

"ಯಜಮಾನರು ಓಡಿಸಿದಾಗ?"

"ಅವರ ಕೈಲಿ ಹಸು, ನನ್ನ ಕೈಲಿ ಗೂಳಿ. ಅವರು ಓಡಿಸ್ತಿದ್ದದ್ದು ಶಾಲೆಗೆ ಮಾತ್ರ, ನಾಲ್ಕು ರಸ್ತೆ. ಅಲ್ಲಿ ಗುಮಾಸ್ತರಾಗಿದ್ರು. ನಿನ್ನ ಕಾಲಿಗೆ ಮೆಷಿನ್ ಅಭ್ಯಾಸ ಕಣೇ, ಕಾರನ್ನೂ ಹಾಗೇ ತುಳೀತೀಯ ಅಂತಿದ್ರು. ನಗ್ತಾ ಹೇಳ್ತಿದ್ರು."

"ನಿಮಗೇನನ್ಸುತ್ತೆ?"

"ಕಾಲು ಎಲ್ಲಿತ್ತೋ ನೆನಪಿಲ್ಲ ಸರ್."

ಯಾರೋ ವಿಳಾಸ ಕೇಳಿದಾಗ ಹೇಳುವಂತೆ ಹೇಳಿದಳು. ದನಿ ಏರಲಿಲ್ಲ, ಇಳಿಯಲಿಲ್ಲ. ಕೈಚೀಲದಿಂದ ಮೂರು ಹಳದಿ ಕಾಗದ ತೆಗೆದಿಟ್ಟಳು. ಮೂರು ಸಲ ಸರ್ವೀಸ್ ಸೆಂಟರಿಗೆ ಕಾರು ಒಯ್ದಾಗ ಕೊಟ್ಟ ಜಾಬ್ ಕಾರ್ಡುಗಳು. ಮೂರರ ಮೇಲೂ ಒಂದೇ ರಬ್ಬರ್ ಸ್ಟಾಂಪು: 'ಓಡಿಸಿ ಪರೀಕ್ಷಿಸಲಾಗಿದೆ. ದೋಷ ಕಂಡುಬಂದಿಲ್ಲ.' ಮೂರನೆಯದರ ತಾರೀಖು ಮಂಗಳವಾರದ್ದೇ.

"ಅಂದ್ರೆ ಅವತ್ತು ಅಲ್ಲಿಂದಲೇ ಬರ್ತಿದ್ರಿ?"

"ಹೌದು ಸರ್. ಸರಿಯಾಗಿದೆ ಅಂದ್ರು. ಅಲ್ಲಿಂದ ಸೀದಾ ಮನೆಗೆ ಬಂದೆ. ಇವರು ಗೇಟು ತೆಗೆಯೋಕೆ ಬಂದ್ರು."

ಹನ್ನೊಂದೂವರೆಗೆ ಇನ್ಸ್‌ಪೆಕ್ಟರ್ ಆ ಮನೆಗೆ ಹೋದರು. ಜೊತೆಗೆ ದಫೇದಾರ ಮತ್ತು ಮಹಿಳಾ ಕಾನ್‌ಸ್ಟೆಬಲ್. ಗೇಟಿನ ಬಲಗಂಬ ಬುಡದಲ್ಲಿ ಬಿರಿದಿತ್ತು. ಯಾರೋ ನೀರು ಹಾಕಿ ತೊಳೆದಿದ್ದರು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಕತ್ತರಿಸಿಟ್ಟ ತೋಳುಗಳ ಕಟ್ಟು, ಶಾಲೆಯ ಮಕ್ಕಳ ಅರ್ಧ ಹೊಲಿದ ಸಮವಸ್ತ್ರಗಳು. ಯಂತ್ರಕ್ಕೆ ಮೋಟಾರು ಇತ್ತು, ನೆಲದ ಮೇಲೆ ಅದರ ಪೆಡಲು ಇತ್ತು. ಟೈಲರಮ್ಮ ಬಲಗಾಲನ್ನು ಸ್ಟೂಲಿನಡಿ ಮಡಿಸಿಕೊಂಡು, ಚಕ್ರವನ್ನು ಕೈಯಿಂದ ತಿರುಗಿಸುತ್ತ ಒಂದೊಂದೇ ಹೊಲಿಗೆ ಹಾಕುತ್ತಿದ್ದಳು.

"ಪೆಡಲು ಕೆಟ್ಟಿದ್ಯಾ ಅಕ್ಕಾ?" ಎಂದಳು ಮಹಿಳಾ ಕಾನ್‌ಸ್ಟೆಬಲ್.

"ಇಲ್ಲ."

ಜಗಲಿಯ ಮೇಲೆ ಕೂತಿದ್ದ ಸತ್ತವನ ಅಣ್ಣ ತಾನಾಗಿಯೇ ಬಾಯಿ ತೆಗೆದ. "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸ್ವಾಮಿ? ಮೆಷಿನ್ ತುಳಿಯೋ ಕಾಲಿಗೆ ಕಾರು ಕೊಟ್ರೆ ಇನ್ನೇನಾಗುತ್ತೆ?"

"ನೀವು ಅಲ್ಲಿದ್ರಾ?"

"ಇಲ್ಲ. ನಾನು ಆಸ್ಪತ್ರೆಗೆ ಬಂದದ್ದು."

"ಹಾಗಾದ್ರೆ ಅಂಗೈ ಬೇರೆಯವರದು. ಸ್ವಲ್ಪ ಸುಮ್ನಿರಿ."

ಒಳಗಿನಿಂದ ಚಕ್ರದ ಸದ್ದು ನಿಂತಿತು. "ಭಾವ ಹೇಳೋದು ಸುಳ್ಳಿರಲಾರದು ಸರ್," ಎಂದಳು ಟೈಲರಮ್ಮ. ಮತ್ತೆ ಚಕ್ರ ತಿರುಗಿತು.

ಎದುರಿನ ಔಷಧಿ ಅಂಗಡಿಯ ಕ್ಯಾಮೆರಾಕ್ಕೆ ಕಾರಿನ ಬೆನ್ನು ಮಾತ್ರ ಸಿಕ್ಕಿತ್ತು. ಮಹಿಳಾ ಕಾನ್‌ಸ್ಟೆಬಲ್ ಆ ಹನ್ನೆರಡು ಸೆಕೆಂಡನ್ನು ಅಂಗಡಿಯಲ್ಲೇ ಕೂತು ಒಂಬತ್ತು ಸಲ ನೋಡಿದಳು. ಕಾರು ಬಂದು ನಿಲ್ಲುತ್ತದೆ. ಹಿಂದಿನ ಎರಡು ಕೆಂಪು ದೀಪ ಹೊತ್ತಿಕೊಂಡಿವೆ. ಗೇಟು ಅರ್ಧ ತೆರೆಯುತ್ತದೆ. ಕಾರು ಹಾರುತ್ತದೆ. ದೀಪ ಆರುವುದಿಲ್ಲ, ಕಂಬಕ್ಕೆ ಬಡಿದ ಮೇಲೂ ಆರುವುದಿಲ್ಲ.

"ಸರ್, ಇದು ಬ್ರೇಕ್ ದೀಪ. ಕಾಲು ಬ್ರೇಕ್ ಮೇಲೇ ಇದೆ."

"ಬ್ರೇಕ್ ಮೇಲಿದ್ರೆ ಕಾರು ಯಾಕೆ ನಿಲ್ಲಲಿಲ್ಲ ಅಂತ ವಕೀಲರು ಕೇಳ್ತಾರೆ. ಅದಕ್ಕೆ ಉತ್ತರ ಸಿಗೋವರೆಗೆ ಆಕೆಗೆ ಹೇಳ್ಬೇಡ."

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಮೋಟಾರು ವಾಹನ ನಿರೀಕ್ಷಕರು ಬಂದು, ಠಾಣೆಯ ಅಂಗಳದಲ್ಲಿ ಟಾರ್ಪಾಲಿನಡಿ ನಿಂತಿದ್ದ ಕಾರನ್ನು ಪರೀಕ್ಷಿಸಿದರು. ಮುಂಭಾಗ ನೆಗ್ಗಿತ್ತು, ಇಂಜಿನ್ನಿಗೆ ಏನೂ ಆಗಿರಲಿಲ್ಲ. ಹತ್ತು ನಿಮಿಷ ಚಾಲೂ ಮಾಡಿ, ತುಳಿದು, ಬಿಟ್ಟು, ಕೈ ಒರೆಸಿಕೊಂಡರು. "ದೋಷ ಕಾಣಲ್ಲ."

ಅದೇ ಮಾತು, ನಾಲ್ಕನೆಯ ಸಲ.

ಹನ್ನೆರಡಕ್ಕೆ ಇನ್ಸ್‌ಪೆಕ್ಟರ್ ಸರ್ವೀಸ್ ಸೆಂಟರಿನಲ್ಲಿದ್ದರು. ಗಾಜಿನ ಮುಂಭಾಗ, ಹಿಂದೆ ತಗಡಿನ ಷೆಡ್ಡು. ದೂರುಗಳನ್ನು ನೋಡಿಕೊಳ್ಳುವ ಸೂಪರ್‌ವೈಸರ್ ಐವತ್ತರ ಆಸುಪಾಸಿನವ, ಇಸ್ತ್ರಿ ಮಾಡಿದ ಅಂಗಿ. ಬಲಗಾಲಿನ ಪ್ಯಾಂಟಿನ ತುದಿಗೆ ಸೈಕಲ್ ಚೈನಿನ ಎಣ್ಣೆ ಹತ್ತಿತ್ತು.

"ಮಂಗಳವಾರದ ಕಾರು ಓಡಿಸಿ ನೋಡಿದ್ದು ಯಾರು?"

"ನಾನೇ ಸರ್. ಪ್ರತಿ ಗಾಡಿಗೂ ಎಂಟು ಕಿಲೋಮೀಟರ್ ನಿಯಮ. ಕಾರ್ಡಲ್ಲಿ ಬರೆದಿದೆ."

"ಹಾರಲಿಲ್ವಾ?"

"ಇಲ್ಲ ಸರ್. ಪಾಪ, ಆ ಅಮ್ಮನಿಗೆ ಅಭ್ಯಾಸ ಸಾಲದು."

ಇನ್ಸ್‌ಪೆಕ್ಟರ್ ಆ ಮಾದರಿಯ ಕಾರುಗಳ ಕಾರ್ಡುಗಳ ಕಟ್ಟನ್ನೆಲ್ಲ ಜಪ್ತಿ ಮಾಡಿಸಿದರು. ಪಂಚರ ಸಹಿಯಾಯಿತು. ಹೊರಗೆ ಬಂದಾಗ, ಸಾಲಾಗಿ ನಿಂತ ಹೊಸ ಕಾರುಗಳ ಕೊನೆಯಲ್ಲಿ ಗೋಡೆಗೆ ಒರಗಿದ ಹಳೆಯ ಸೈಕಲೊಂದು ಕಂಡಿತು.

"ಹಾಲು ಮಾರೋನ ಮನೇಲಿ ಬರೀ ಕಷಾಯ," ಎಂದ ದಫೇದಾರ.

ಈ ದಫೇದಾರನಿಗೆ ಠಾಣೆಯಲ್ಲಿ ಮೀಟರ್ ಅಂತ ಅಡ್ಡಹೆಸರು. ಯಾವ ವಾಹನ ಹತ್ತಿದರೂ ಇಳಿದರೂ ಕಿಲೋಮೀಟರ್ ಬರೆದುಕೊಳ್ಳುವುದು ಅವನ ಚಟ. ಪಂಚನಾಮೆ ಬರೆಯುವಾಗ ಸತ್ತವನ ಹೆಸರು ಮರೆತರೂ ಮೀಟರ್ ಮರೆಯುವುದಿಲ್ಲ ಎಂದು ರೈಟರ್ ಆಡಿಕೊಳ್ಳುತ್ತಿದ್ದ. ಆ ಮಧ್ಯಾಹ್ನ ಅವನು ಮಂಗಳವಾರದ ಕಾರ್ಡನ್ನೂ ತನ್ನ ಪಂಚನಾಮೆಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಬೆರಳಿಟ್ಟು ಎರಡೆರಡು ಸಲ ಓದಿದ.

"ಸರ್, ಒಂದ್ನಿಮಿಷ ಬರ್ತೀರಾ?"

ಕಾರ್ಡಿನಲ್ಲಿ: ಒಳಬಂದಾಗ 4312, ಹೊರಹೋದಾಗ 4320. ಪಂಚನಾಮೆಯಲ್ಲಿ, ಗೇಟಿನ ಮುಂದೆ, ಸಂಜೆ 6.50ಕ್ಕೆ: 4318.

"ಮನೆಗೆ ಬಂದ ಮೇಲೆ ಎರಡು ಕಿಲೋಮೀಟರ್ ಕಡಿಮೆ ಆಗಿದೆ ಸರ್. ಕಾರು ಹಿಂದಕ್ಕೆ ನಡೀತಾ?"

ಇನ್ಸ್‌ಪೆಕ್ಟರ್ ಜೀಪು ಹತ್ತಿದರು. ಸರ್ವೀಸ್ ಸೆಂಟರಿನಿಂದ ಆ ಗೇಟಿಗೆ ಸರಿಯಾಗಿ ಆರು ಕಿಲೋಮೀಟರ್. 4312ಕ್ಕೆ ಆರು ಕೂಡಿದರೆ 4318. ಅಂದರೆ ಕಾರು ಒಳಗೆ ಬಂದಿತ್ತು, ಹೊರಗೆ ಹೋಗಿತ್ತು. ನಡುವೆ ಯಾರೂ ಓಡಿಸಿರಲಿಲ್ಲ.

"ಆದ್ರೆ ಬಾನೆಟ್ ಬಿಸಿ ಇತ್ತು," ಎಂದಳು ಟೈಲರಮ್ಮ, ಅದನ್ನು ಕೇಳಿದಾಗ. "ನಾನು ಕೈಯಿಟ್ಟು ನೋಡಿದ್ದೆ. ಓಡಿಸಿದಾರೆ ಅಂದ್ಕೊಂಡೆ."

ಷೆಡ್ಡಿನ ಮೆಕ್ಯಾನಿಕ್ ಮುಚ್ಚಿಡಲಿಲ್ಲ. "ಹಿಂದುಗಡೆ ಏಸಿ ಹಾಕಿ ಚಾಲೂ ಇಟ್ಟು ಬಿಡ್ತಾರೆ ಸರ್, ಮುಕ್ಕಾಲು ಗಂಟೆ. ಓನರ್‌ಗಳು ಬಾನೆಟ್ ಮುಟ್ಟಿ ನೋಡ್ತಾರಲ್ಲ, ಅದಕ್ಕೆ."

ಶನಿವಾರ ವಾಹನ ನಿರೀಕ್ಷಕರನ್ನು ಮತ್ತೆ ಕರೆಸಲಾಯಿತು. ಮುಂಚಕ್ರಗಳನ್ನು ಜಾಕಿನ ಮೇಲೆತ್ತಿ, ಏಸಿ ಹಾಕಿ, ಮುಕ್ಕಾಲು ಗಂಟೆ ಇಂಜಿನ್ ಚಾಲೂ ಇಟ್ಟರು. ಆಮೇಲೆ ತುಳಿದರು, ಬಿಟ್ಟರು. ಮೂರು ಸಲ ಏನೂ ಆಗಲಿಲ್ಲ. ನಾಲ್ಕನೆಯ ಸಲ ಕಾಲು ಮೇಲೆ ಬಂತು, ಪೆಡಲೂ ಮೇಲೆ ಬಂತು, ಇಂಜಿನ್ನಿನ ಕೂಗು ಮಾತ್ರ ಇಳಿಯಲಿಲ್ಲ. ಅಂಗಳದ ಗೋಡೆಗಳು ಆ ಕೂಗಿಗೆ ನಡುಗಿದವು. ಕಟ್ಟೆಯ ಮೇಲಿದ್ದ ಬೆಕ್ಕು ಓಡಿತು.

"ಇಂಜಿನ್ನಿಗೆ ಗಾಳಿ ಬಿಡೋ ಮುಚ್ಚಳ ಇದು, ಥ್ರಾಟಲ್," ಎಂದು ನಿರೀಕ್ಷಕರು ಬಿಚ್ಚಿ ತೋರಿಸಿದರು. "ಕಾದು ಉಬ್ಬಿ ಕಚ್ಚಿಕೊಳ್ಳುತ್ತೆ. ನಿಂತಿದ್ದಾಗ್ಲೂ ಏಸಿ ಹೊರೆಗೆ ಇದು ತಾನಾಗಿ ತೆರೆಯುತ್ತೆ; ತೆರೆದಲ್ಲೇ ಕಚ್ಚಿಕೊಂಡ್ರೆ ನಿಂತ ಗಾಡಿನೂ ಹಾರುತ್ತೆ. ಆಗ ಬ್ರೇಕಿಗೆ ಇಂಜಿನ್ನಿಂದ ಬರೋ ಸಹಾಯವೂ ತಪ್ಪಿ, ಪೆಡಲು ಕಲ್ಲಾಗುತ್ತೆ. ಎಷ್ಟು ತುಳಿದರೂ ಅಷ್ಟೇ. ಗಾಡಿ ತಣ್ಣಗಿದ್ರೆ ಬ್ರಹ್ಮ ಬಂದ್ರೂ ಕಂಡುಹಿಡಿಯಲಾರ."

"ಮುಕ್ಕಾಲು ಗಂಟೆ ಕಾಯಿಸಿ, ಆರು ಕಿಲೋಮೀಟರ್ ಟ್ರಾಫಿಕ್‌ನಲ್ಲಿ ಓಡಿಸಿದ್ರೆ?"

ನಿರೀಕ್ಷಕರು ವರದಿ ಬರೆಯಲು ಕೂತರು.

ಕಾರ್ಡುಗಳ ಕಟ್ಟಿನಲ್ಲಿ ಇದೇ ದೂರು ಕೊಟ್ಟ ಇನ್ನೂ ಹನ್ನೊಂದು ಮಾಲೀಕರು ಸಿಕ್ಕರು, ಒಟ್ಟು ಇಪ್ಪತ್ತೊಂಬತ್ತು ಕಾರ್ಡು. ಎಲ್ಲದರಲ್ಲೂ ಅದೇ ಎಂಟು ಕಿಲೋಮೀಟರ್, ಅದೇ ಸ್ಟಾಂಪು. ಅವರಲ್ಲೊಬ್ಬ ಹಲ್ಲಿನ ಡಾಕ್ಟರ್. "ನಮ್ಮ ಹತ್ರ ಬರೋ ರೋಗಿಗೆ ಕುರ್ಚಿ ಮೇಲೆ ಕೂತ ಕೂಡ್ಲೇ ನೋವು ಮಾಯ ಆಗುತ್ತೆ ಸರ್. ನನ್ನ ಕಾರೂ ಹಾಗೇ ಅಂದ್ಕೊಂಡು ಸುಮ್ನಾದೆ," ಎಂದ. ಆಮೇಲೆ ತನ್ನ ಮಾತಿಗೆ ತಾನೇ ತಲೆ ತಗ್ಗಿಸಿದ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಇನ್ಸ್‌ಪೆಕ್ಟರ್ ಆ ಡಾಕ್ಟರನ ಕಾರನ್ನು ಸರ್ವೀಸ್ ಸೆಂಟರಿನ ಮುಂದೆ ತರಿಸಿ ನಿಲ್ಲಿಸಿದರು. ಸೂಪರ್‌ವೈಸರ್ ಹೊರಗೆ ಬಂದ.

"ಇದಕ್ಕೂ ನೀವೇ ಸ್ಟಾಂಪು ಹಾಕಿದ್ದೀರಿ. ದೋಷ ಇಲ್ಲ ತಾನೇ?"

"ಇಲ್ಲ ಸರ್."

"ಹತ್ತಿ ಹಾಗಾದ್ರೆ. ಎಂಟು ಕಿಲೋಮೀಟರ್ ಹೋಗಿ ಬರೋಣ. ನೀವೇ ಓಡಿಸಿ, ನಾನು ಪಕ್ಕದಲ್ಲಿ ಕೂರ್ತೀನಿ."

ಬೀಗದ ಕೈ ಇನ್ಸ್‌ಪೆಕ್ಟರರ ಅಂಗೈಯಲ್ಲಿತ್ತು. ಸೂಪರ್‌ವೈಸರ್ ಅದನ್ನೇ ನೋಡಿದ. ಬಿಸಿಲಿತ್ತು. ಬಾನೆಟ್ ಇನ್ನೂ ಬಿಸಿಯಿತ್ತು.

"ಬೇಡ ಸರ್."

"ಯಾಕೆ?"

"ನನ್ನ ಕೈಲಾಗಲ್ಲ."

ಅವನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ.

ಠಾಣೆಯಲ್ಲಿ ಹೇಳಿಕೆ ಬರೆಯುವಾಗ ಅವನು ಒಮ್ಮೆಯೂ ನೀರು ಕೇಳಲಿಲ್ಲ. "ಈ ಕಾರು ಮಾರಾಟಕ್ಕೆ ಬಂದ ಮೊದಲನೇ ತಿಂಗಳು ಸರ್. ಮೊದಲನೇ ದೂರು. ನಾನೇ ಓಡಿಸ್ದೆ. ಏಳನೇ ಕಿಲೋಮೀಟರ್‌ಗೆ ಹಾರ್ತು. ಮುಂದೆ ಒಬ್ಳು ಮಗು ಕೈ ಹಿಡ್ಕೊಂಡು ರಸ್ತೆ ದಾಟ್ತಿದ್ಳು. ಗೋಡೆಗೆ ಉಜ್ಜಿ ನಿಲ್ಲಿಸ್ದೆ. ಒಂದು ಮೊಳ ಉಳಿದಿತ್ತು. ಅವಳು ತಿರುಗಿ ನೋಡ್ದೆ ಹೋದ್ಲು, ಅವಳಿಗೆ ಗೊತ್ತೇ ಇಲ್ಲ."

"ಕಂಪನಿಗೆ ತಿಳಿಸ್ಲಿಲ್ವಾ?"

"ಬರೆದೆ. ಹಾರುತ್ತೆ ಅನ್ನೋ ಪದ ಬಳಸ್ಬೇಡಿ, ಪರೀಕ್ಷೆಯಲ್ಲಿ ಕಂಡದ್ದು ಮಾತ್ರ ಬರೀರಿ ಅಂತ ಉತ್ತರ ಬಂತು. ಓಡಿಸಿದ್ರೆ ಕಾಣುತ್ತೆ. ಓಡಿಸದಿದ್ರೆ ಕಾಣಲ್ಲ. ಓಡಿಸೋಕೆ ಧೈರ್ಯವೂ ಇರ್ಲಿಲ್ಲ. ಅವತ್ತಿಂದ ಯಾವ ಗಾಡಿನೂ ಮುಟ್ಟಿಲ್ಲ ಸರ್. ಸೈಕಲ್ ಯಾಕೆ ಅಂದ್ರೆ ವ್ಯಾಯಾಮ ಅಂತ ಮನೇಲಿ ಹೇಳಿದ್ದೀನಿ."

ಮಧ್ಯಾಹ್ನ 1.20ಕ್ಕೆ ದಸ್ತಗಿರಿ ತೋರಿಸಲಾಯಿತು. ಕಂಪನಿಗೆ ನೋಟಿಸು ಹೋಯಿತು. ಹನ್ನೊಂದು ಮಾಲೀಕರಿಗೂ ಕಾರು ಮುಟ್ಟಬೇಡಿ ಎಂದು ಫೋನು ಹೋಯಿತು. ಕೇಸ್ ಡೈರಿಯಲ್ಲಿ ಕೃತ್ಯಕ್ಕೆ ಕಾರಣವೇನೆಂದು ಬರೆಯಬೇಕಾದಲ್ಲಿ ಇನ್ಸ್‌ಪೆಕ್ಟರ್ ಪೆನ್ನು ತಡೆದರು. ಆಸೆಯಲ್ಲ, ಹಗೆಯಲ್ಲ. ಕೊನೆಗೆ 'ಭಯ' ಎಂದು ಬರೆದು ಸಹಿ ಮಾಡಿದರು.

ನಾಲ್ಕು ಗಂಟೆಗೆ ಅವರು ಟೈಲರಮ್ಮನ ಮನೆಯಲ್ಲಿದ್ದರು. ಆಕೆ ಇನ್ನೂ ಕೈಯಿಂದಲೇ ಚಕ್ರ ತಿರುಗಿಸುತ್ತಿದ್ದಳು.

"ನಿಮ್ಮ ಬಲಗಾಲು ಬ್ರೇಕಿನ ಮೇಲಿತ್ತಮ್ಮ. ಮೊದಲಿಂದ ಕೊನೇವರೆಗೂ."

ಆಕೆ ಸೂಜಿಯ ಕೆಳಗಿನ ಬಟ್ಟೆಯನ್ನು ನೋಡುತ್ತಿದ್ದಳು. "ಬರೆದುಕೊಡ್ತೀರಾ ಸರ್? ಭಾವನಿಗೆ ತೋರಿಸ್ಬೇಕು."

ಇನ್ಸ್‌ಪೆಕ್ಟರ್ ಆಕೆಯ ಅಳತೆ ಪುಸ್ತಕದ ಹಾಳೆಯೊಂದರ ಮೇಲೆ ಆ ಒಂದು ವಾಕ್ಯ ಬರೆದು, ತಾರೀಖು, ವೇಳೆ ಹಾಕಿಕೊಟ್ಟರು. ಆಕೆ ಓದಿ ನಾಲ್ಕಾಗಿ ಮಡಿಸಿದಳು.

"ಸರ್ವೀಸ್ ಸೆಂಟರಿನವರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಭಯ ಆಯ್ತಂತೆ."

"ನನಗೂ ಭಯ ಆಗಿತ್ತು ಸರ್. ಮೂರು ಸಲ ಹೋಗಿ ಹೇಳಿದ್ದೆ."

ಸ್ಟೂಲಿನಡಿ ಮಡಿಸಿದ್ದ ಬಲಗಾಲು ನಿಧಾನವಾಗಿ ಹೊರಗೆ ಬಂತು. ಪೆಡಲಿನ ಮೇಲಲ್ಲ, ಅದರ ಪಕ್ಕದಲ್ಲಿ, ಬರಿಯ ನೆಲದ ಮೇಲೆ ಊರಿತು.