ಎದುರು ಮಾತಾಡದ ಗಂಡ

"ಏನ್ರೀ... ಯಾರೋ ಬಂದಿದ್ದಾರೆ, ಸ್ವಲ್ಪ ನೋಡ್ತೀರಾ?"

ಖಾಲಿ ಕೋಣೆಯ ಕಡೆ ತಿರುಗಿ ಜೋರಾಗಿ ಕೂಗಿದ ಮೇಲೆಯೇ ದನ್‌ಬಿ, ಸರಪಳಿ ತೆಗೆಯದೆ, ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದಳು.

ಸಿಯೋಲ್‌ನಲ್ಲಿ ಒಂಟಿಯಾಗಿರುವ ಹೆಣ್ಣುಮಕ್ಕಳಿಗೆ ಈ ಉಪಾಯ ಹೊಸದಲ್ಲ. ಬಾಗಿಲ ಬಳಿ ಗಂಡಸಿನ ದೊಡ್ಡ ಬೂಟು. ಗಂಟೆ ಬಾರಿಸಿದರೆ ಇಲ್ಲದ ಗಂಡನಿಗೆ ಒಂದು ಕೂಗು. ದನ್‌ಬಿ ಇಟ್ಟಿದ್ದು ಸಿಪಾಯಿಯ ಬೂಟು, ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡದ್ದು. ಅದನ್ನು ಕಂಡ ಪಾರ್ಸೆಲ್‌ನವರು ಮರ್ಯಾದೆಯಿಂದ ಹೊರಟುಹೋಗುತ್ತಿದ್ದರು.

ಈ ಮನುಷ್ಯ ಹೋಗಲಿಲ್ಲ. ಕೊರಳಿನ ಗುರುತಿನ ಚೀಟಿ ಎತ್ತಿ ತೋರಿಸಿದ.

"ಕಟ್ಟಡದ ಆಫೀಸಿನವನು ಮೇಡಂ. ಪ್ಯೋ ಸಂಗ್‌ಹಾ. ವಾಸದ ತಪಾಸಣೆಗೆ ಬಂದೆ." ಅವನ ಕಣ್ಣು ಬೂಟಿನ ಮೇಲೆ ನಿಂತಿತು. "ಇದು ಒಬ್ಬರಿಗೇ ಅಂತ ಕೊಟ್ಟ ಮನೆ. ಒಳಗಿರೋರು ಯಾರು?"

ಅಯ್ಯೋ, ದೇವರೇ!

ಈ ಸರ್ಕಾರಿ ಬಾಡಿಗೆ ಮನೆ ಲಾಟರಿಯಲ್ಲಿ ಸಿಗುವ ಮೊದಲು ದನ್‌ಬಿ ಇದ್ದದ್ದು ಅರ್ಧ ನೆಲದೊಳಗೆ ಹೂತ ಕೋಣೆಯಲ್ಲಿ. ಕಿಟಕಿಯಲ್ಲಿ ಕಾಣುತ್ತಿದ್ದುದು ದಾರಿಹೋಕರ ಪಾದಗಳು ಮಾತ್ರ. ಇಲ್ಲಿ ಕಿಟಕಿ ತೆರೆದರೆ ಬೆಟ್ಟವೇ ಕಾಣುತ್ತದೆ. ಕನ್ನಡಕದ ಅಂಗಡಿಯ ಸಂಬಳಕ್ಕೆ ಇಂಥ ಮನೆ ಬೇರೆಲ್ಲೂ ಸಿಗದು. ಎರಡನೆಯವರು ಇದ್ದಾರೆಂದು ಗೊತ್ತಾದರೆ ಕರಾರು ಮುಂದುವರಿಯುವುದಿಲ್ಲ!

"ಯಾರೂ ಇಲ್ಲ!"

"ಈಗ್ತಾನೆ 'ಏನ್ರೀ' ಅಂದ್ರಲ್ಲ?"

"ಅದು... ಸುಮ್ನೆ ಅಂದೆ."

"ಸುಮ್‌ಸುಮ್ನೆ ಯಾರಾದ್ರೂ 'ಏನ್ರೀ' ಅಂತಾರಾ?"

ಬೇರೆ ದಾರಿಯಿಲ್ಲದೆ ಅವಳು ಸರಪಳಿ ತೆಗೆದಳು. ಅವನು ಬಚ್ಚಲು ನೋಡಿದ, ಮಂಚದ ಕೆಳಗೆ ಬಗ್ಗಿದ, ಕಿಟಕಿಯಿಂದಲೂ ಇಣುಕಿದ.

"ಇದು ಹನ್ನೊಂದನೇ ಮಹಡಿ ಸ್ವಾಮಿ. ಹಾರಿದ್ರೆ ಕೆಳಗೇ ಸಿಕ್ತಾನೆ, ಹೋಗಿ ಹುಡುಕಿ!"

ಒಂದೇ ಬಟ್ಟಲು, ಒಂದೇ ಚಮಚ, ಒಂದೇ ಜೋಡಿ ಊಟದ ಕಡ್ಡಿ. ಸಂಗ್‌ಹಾಗೆ ಎಲ್ಲ ಅರ್ಥವಾಗಿ ಕಿವಿ ಕೆಂಪಾಯಿತು. ಅಷ್ಟರಲ್ಲಿ ಪಕ್ಕದ ಮನೆಯ ಒಕ್‌ಸುನ್ ಅಜ್ಜಿ ತಲೆ ಹಾಕಿದಳು.

"ಅವಳ ಗಂಡ ಬಂಗಾರದಂಥೋನು ಕಣಪ್ಪಾ. ಇವಳು ದಿನಾ ಕೂಗ್ತಾಳೆ, ಅವನು ಒಂದಿನಾನೂ ಎದುರು ಮಾತಾಡಿಲ್ಲ!"

"ಅಜ್ಜೀ!"

ಸಂಗ್‌ಹಾ ಕೆಮ್ಮಿದಂತೆ ಮಾಡಿ ನಗು ನುಂಗಿದ. "ಇನ್ನೊಂದ್ಸಲ ಬರಬೇಕಾಗಬಹುದು" ಎಂದ.

ಬಂದ. ನಲ್ಲಿ ನೋಡಲು ಬಂದ. ಹೊಗೆ ಬಂದರೆ ಕೂಗುವ ಯಂತ್ರ ನೋಡಲು ಬಂದ. ಚಳಿ ಶುರುವಾದಾಗ, ಅಡಿಯ ಬಿಸಿನೀರಿನ ಕೊಳವೆಗಳಿಂದ ನೆಲ ಬೆಚ್ಚಗಾಗುತ್ತಿದೆಯೇ ಎಂದು ಅಂಗೈ ಊರಿ ನೋಡಿದ. ಹಾಗೆಯೇ ಕೂತು ಬಾರ್ಲಿ ಚಹಾ ಕುಡಿದ. ಸುಟ್ಟ ಗೆಣಸು ತಂದ. ಅಂಗಡಿಯವರು ಪುಕ್ಕಟೆ ಕೊಡುವ ಮರದ ಕಡ್ಡಿಯಲ್ಲಿ ಅವಳು ಮಾಡಿದ ರಾಮ್ಯನ್ ಶ್ಯಾವಿಗೆ ತಿಂದ.

'ಪಾಪ, ಪ್ರತಿ ಸಲ ಮರದ ಕಡ್ಡಿ...' ದನ್‌ಬಿ ಒಂದು ದಿನ ಸಂತೆಯಲ್ಲಿ ಸ್ಟೀಲಿನ ಚಮಚ, ಕಡ್ಡಿಗಳ ಇನ್ನೊಂದು ಜೋಡಿ ಕೊಂಡಳು. ತೊಳೆದು ತನ್ನ ಜೋಡಿಯ ಪಕ್ಕ ಇಟ್ಟಾಗ ಯಾಕೋ ನಾಚಿಕೆಯಾಯಿತು!

ಮರುದಿನ ಸಂಗ್‌ಹಾ ಬಂದು ಕೂತ. ಎರಡನೇ ಚಮಚ ಕಂಡು ಅವನ ಮುಖ ಬಿಳಿಚಿತು.

"ಇದು... ಯಾರದು?"

'ಕೊನೆಗೂ ಇವಳ ಮನೆಗೆ ಯಾರೋ ಒಬ್ಬ ಬಂದುಬಿಟ್ಟ' ಎಂದು ಅವನ ಮನಸ್ಸು. 'ಇವನು ಇಷ್ಟು ದಿನ ಚಮಚ ಎಣಿಸೋಕೆ ಬರ್ತಿದ್ನಾ?' ಎಂದು ಅವಳ ಮನಸ್ಸು.

"ತಪಾಸಣೆಗೆ ಬಂದಿದ್ದೀರಾ?"

ಅವನು ತಡವರಿಸಿದ. "...ಹೌದು."

"ಗೆಣಸು ತಂದಿದ್ದೂ ತಪಾಸಣೆಗೇನಾ?"

ಅವನ ಕಣ್ಣು ಚಮಚದ ಮೇಲೇ ಇತ್ತು.

"ಎದ್ದೇಳಿ ಸಾಹೇಬ್ರೇ. ನೆಲ ಬೆಚ್ಚಗೇ ಇದೆ!"

ಬಾಗಿಲು ಬಡಿದ ಸದ್ದಿಗೆ ಅಜ್ಜಿ ಹೊರಬಂದು, "ಕೊನೆಗೂ ನಿನ್ನ ಗಂಡ ಎದುರು ಮಾತಾಡಿದನಾ?" ಎಂದು ವಿಚಾರಿಸಿದಳು.

ರಾತ್ರಿಯೆಲ್ಲ ಅತ್ತು, ಬೆಳಗ್ಗೆ ದನ್‌ಬಿ ಹೊಸ ಚಮಚ ಹಿಡಿದೇ ಕಟ್ಟಡದ ಆಫೀಸಿಗೆ ನುಗ್ಗಿದಳು. ಸಂಗ್‌ಹಾ ಇರಲಿಲ್ಲ. ಮೇಲ್ವಿಚಾರಕಿ ಗಿಲ್ ಮೇಡಂ ಕನ್ನಡಕ ಸರಿಮಾಡಿಕೊಂಡಳು.

"ಚಮಚ ಎರಡಿದ್ರೆ ತಪ್ಪಾ? ಮನೆ ಬಿಡಿಸ್ತೀರಾ? ಎಷ್ಟು ಸಲ ತಪಾಸಣೆ ಮಾಡ್ತೀರಿ?"

"ಯಾವ ತಪಾಸಣೆ ತಾಯಿ? ನಿಮ್ಮ ಮನೆದು ವಸಂತದಲ್ಲೇ ಮುಗೀತು, ಒಂದೇ ಸಲ. ಎಲ್ಲ ಸರಿ ಇದೆ ಅಂತ ಅವತ್ತೇ ಹೇಳಿದ್ದ."

"ಮತ್ತೆ ನಲ್ಲಿ? ಹೊಗೆ ಯಂತ್ರ? ನೆಲ?"

"ಅದಕ್ಕೆಲ್ಲ ರಿಪೇರಿಯವರು ಬೇರೆ ಇದ್ದಾರಲ್ಲ! ಆ ಹುಡುಗನಿಗೆ ಬಲ್ಬ್ ಬದಲಾಯಿಸೋಕೂ ಬರಲ್ಲ."

ದನ್‌ಬಿ ಚಮಚವನ್ನು ಕೋಟಿನ ಜೇಬಿಗೆ ಹಾಕಿಕೊಂಡು ಮೆಲ್ಲಗೆ ಹೊರಬಂದಳು. ಕೆನ್ನೆ ಉರಿಯುತ್ತಿತ್ತು.

ಸಂಜೆ ಬಾಗಿಲ ಗಂಟೆ ಸದ್ದಾಯಿತು. ಅಭ್ಯಾಸಬಲ! ಅವಳು ಯೋಚಿಸುವ ಮೊದಲೇ ಬಾಯಿ ಕೂಗಿತು: "ಏನ್ರೀ... ಯಾರೋ ಬಂದಿದ್ದಾರೆ!"

"ಹೂಂ ಕಣ್ರೀ," ಎಂದಿತು ಹೊರಗಿನ ದನಿ. "ನಾನೇ ಬಂದೆ."

ಅವಳು ಸರಪಳಿ ತೆಗೆದಳು. ಸಂಗ್‌ಹಾ ಬೂಟಿನ ಪಕ್ಕ ತಲೆ ತಗ್ಗಿಸಿ ನಿಂತ.

"ಸುಳ್ಳು ಹೇಳ್ದೆ. ಆ ಚಮಚ ನೋಡಿ ಹೊಟ್ಟೆ ಉರಿದುಹೋಯ್ತು. ಯಾರೋ ಪುಣ್ಯವಂತ ಅಂತ..."

"ಅದು ನಿಮ್ದೇ ಕಣ್ರೀ, ಪೆದ್ದು!"

ಅವಳು ಚಮಚ ತಂದು ಅವನ ಕೈಗಿಟ್ಟಳು. ಆಮೇಲೆ ಮೆಲ್ಲಗೆ ಅಂದಳು: "ಆದ್ರೆ... ಈ ಮನೆ ಒಬ್ಬರಿಗೇ. ನನಗೆ ಮತ್ತೆ ಆ ಪಾದಗಳ ಕಿಟಕಿಗೆ ಹೋಗೋಕಾಗಲ್ಲ."

"ಗೊತ್ತು. ಹೊಸದಾಗಿ ಮದುವೆ ಆಗೋರಿಗೆ ಬೇರೆ ಮನೆಗಳಿವೆ. ಎರಡು ಕೋಣೆ. ಮದುವೆ ನಿಶ್ಚಯ ಆಗಿದ್ರೂ ಅರ್ಜಿ ಹಾಕಬಹುದು." ಅವನು ಚಮಚವನ್ನು ಜೇಬಿಗೆ ಹಾಕಿಕೊಂಡ. "ಲಾಟರಿ ಬರೋವರೆಗೂ ನೀವು ಇಲ್ಲೇ ಇರಿ. ನಾನು ಚಮಚ ಜೇಬಲ್ಲಿಟ್ಕೊಂಡು ಬಂದು ಹೋಗ್ತೀನಿ."

"ಇದು ಪ್ರೀತಿ ಹೇಳಿದ್ದಾ, ಆಫೀಸಿನ ಪ್ರಕಟಣೆನಾ?"

"ಎರಡೂ... ಹೂಂ ಅಂತೀರಾ?"

ದನ್‌ಬಿ ತುಂಬಿದ ಕಣ್ಣಲ್ಲೇ ನಗುತ್ತ ಖಾಲಿ ಕೋಣೆಯ ಕಡೆ ತಿರುಗಿದಳು.

"ಏನ್ರೀ! ಇವರು ನನ್ನ ಮದುವೆ ಆಗ್ತಾರಂತೆ. ನೀವೇನಂತೀರಾ?"

ಕೋಣೆ ಗಪ್‌ಚಿಪ್.

ಸಂಗ್‌ಹಾ ಒಳಗೆ ಇಣುಕಿ ಕೇಳಿದ: "ಏನಂದ್ರು?"

"ಅವರು ಯಾವತ್ತು ನನಗೆ ಎದುರು ಮಾತಾಡಿದ್ದಾರೆ?" ಎನ್ನುತ್ತ ದನ್‌ಬಿ ಸಿಪಾಯಿಯ ಬೂಟನ್ನು ಪಕ್ಕಕ್ಕೆ ಸರಿಸಿದಳು. "ನಿಮ್ಮ ಚಪ್ಪಲಿ ಇಲ್ಲಿ ಬಿಡಿ."