ವೆಂಕಟಾಚಲ ಅವರ ಪೆಪ್ಪರ್‌ಮಿಂಟ್

ವೆಂಕಟಾಚಲ ಅವರ ಡ್ರಾಯರ್ ತೆರೆದದ್ದು ನನ್ನ ತಪ್ಪಲ್ಲ. ಅವರು ಅಂದು ರಜೆಯಲ್ಲಿದ್ದರು, ಪಾಲಿಸಿದಾರರೊಬ್ಬರು ಕೌಂಟರಿನಲ್ಲಿ ಗಲಾಟೆ ಮಾಡುತ್ತಿದ್ದರು, ಬೇಕಾದ ಫೈಲು ಎಲ್ಲಿಯೂ ಸಿಕ್ಕಿರಲಿಲ್ಲ. ಡ್ರಾಯರಿನಲ್ಲೂ ಫೈಲು ಇರಲಿಲ್ಲ. ನನ್ನ ಚಕ್ಕುಲಿ ಇತ್ತು. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಮೂರು ವಾರಗಳಿಂದ ನಾನು ಕೊಟ್ಟದ್ದೆಲ್ಲ ಪೇಪರಿನಲ್ಲಿ ಮಡಿಸಿ ಸಾಲಾಗಿ ಇಟ್ಟಿದ್ದರು. ಪಕ್ಕದಲ್ಲಿ ಒಂದು ದೊಡ್ಡ ಡಬ್ಬದ ತುಂಬ ಪೆಪ್ಪರ್‌ಮಿಂಟ್.

ಅದು ತೊಂಬತ್ತೆಂಟನೇ ಇಸವಿ, ನನಗೆ ನಲವತ್ನಾಲ್ಕು. ಇಂದಿರಾನಗರದ ನಮ್ಮ ವಿಮಾ ಕಚೇರಿಯಲ್ಲಿ ಸಂಜೆ ನಾಲ್ಕಕ್ಕೆ ಜಲಜಾ ಮೇಡಂ, ಅಂದರೆ ನಾನು, ತಿಂಡಿ ಡಬ್ಬ ತೆರೆಯುವುದು ಒಂದು ಪದ್ಧತಿ. ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ನನ್ನ ಕೋಡುಬಳೆಯನ್ನು ಬೇಡ ಎಂದವರಿಲ್ಲ. ಆರು ತಿಂಗಳ ಹಿಂದೆ ಕೋಲಾರದಿಂದ ವರ್ಗವಾಗಿ ಬಂದ ಈ ಮನುಷ್ಯ ಎರಡೂ ಕೈಯಲ್ಲಿ ತೆಗೆದುಕೊಂಡು, ಆಮೇಲೆ ತಿನ್ನುತ್ತೇನೆ ಎಂದು ಹೇಳಿ, ಹೀಗೆ ಬಚ್ಚಿಟ್ಟಿದ್ದರು. ನಿಜ ಹೇಳಬೇಕೆಂದರೆ, ಆ ಕೋಡುಬಳೆಗೆ ನಾನು ಅಷ್ಟು ಬೆಣ್ಣೆ ಹಾಕುತ್ತಿದ್ದದ್ದು ಮ್ಯಾನೇಜರಿಗಾಗಿ ಅಲ್ಲ.

ವೆಂಕಟಾಚಲ ನೋಡುವ ರೀತಿಯೇ ಕಾರಣ. ನಾನು ನಕ್ಕಾಗಲೆಲ್ಲ ರಿಜಿಸ್ಟರಿನಿಂದ ತಲೆ ಎತ್ತಿ, ಕನ್ನಡಕದ ಮೇಲಿನಿಂದ ಒಂದು ಕ್ಷಣ ನೋಡುತ್ತಿದ್ದರು. ಸಿಕ್ಕಿಬಿದ್ದರೆ, ನೆಟ್ಟಗೇ ಇದ್ದ ರಿಜಿಸ್ಟರನ್ನು ಇನ್ನಷ್ಟು ನೆಟ್ಟಗೆ ಮಾಡುತ್ತಿದ್ದರು. ಆದರೆ ಹತ್ತಿರ ಹೋದರೆ ಒಂದು ಮಾರು ದೂರ ಸರಿದು, ಬಾಯಿಗೆ ಕರವಸ್ತ್ರ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ ಮಾತಾಡುತ್ತಿದ್ದರು. ಮೊದಮೊದಲು ನಾನು ಅದನ್ನು ಜಂಬ ಎಂದುಕೊಂಡಿದ್ದೆ.

ಮರುದಿನ ಪೊಟ್ಟಣಗಳನ್ನೆಲ್ಲ ಅವರ ಟೇಬಲ್ ಮೇಲೆ ಹರಡಿದೆ.

"ಇಷ್ಟ ಇಲ್ಲ ಅಂದಿದ್ರೆ ಮುಗೀತಿತ್ತಲ್ಲ ಸಾರ್?"

ಅವರ ಕಿವಿಯವರೆಗೂ ಕೆಂಪೇರಿತು. "ಗರಿಗರಿ ಇರೋದು ನುಂಗಕ್ಕಾಗಲ್ಲ ಮೇಡಂ. ನನ್ನ ಬಾಯಲ್ಲಿ ನೀರೇ ಇರಲ್ಲ."

"ಬೇರೆಯವರಿಗೆ ಕೊಡಬಹುದಿತ್ತು."

"ಕೊಡೋಕೆ ಮನಸ್ಸು ಬರಲಿಲ್ಲ."

ನಾನು ಜಗಳಕ್ಕೆ ಸಿದ್ಧಳಾಗಿ ಹೋಗಿದ್ದವಳು, ಪೊಟ್ಟಣಗಳನ್ನು ಮತ್ತೆ ಮಡಿಸಿಟ್ಟು ನನ್ನ ಸೀಟಿಗೆ ವಾಪಸು ಬಂದು ಕೂತೆ.

ಅಂದಿನಿಂದ ಅವರಿಗಾಗಿ ಬೇರೆ ಡಬ್ಬ. ಮೊಸರವಲಕ್ಕಿ, ಹೆಸರುಬೇಳೆ ಪಾಯಸ, ಒಂದು ಫ್ಲಾಸ್ಕ್ ತಿಳಿ ಮಜ್ಜಿಗೆ. ಮಜ್ಜಿಗೆ ಕುಡಿಯುತ್ತ ಕುಡಿಯುತ್ತ ಅವರಿಗೆ ಮಾತು ಬಂತು. ನಾಲ್ಕು ವರ್ಷದ ಹಿಂದೆ ಹೆಂಡತಿ ತೀರಿಕೊಂಡದ್ದು, ಮಕ್ಕಳಿಲ್ಲದ್ದು, ಈಗ ಜೀವನ್ ಬಿಮಾ ನಗರದ ಕ್ವಾರ್ಟರ್ಸಿನಲ್ಲಿ ಒಬ್ಬರೇ ಅಡುಗೆ ಮಾಡಿಕೊಳ್ಳುವುದು, ಎಲ್ಲ ಒಂದೊಂದಾಗಿ ಹೇಳಿದರು. ಸಂಜೆ ಬಸ್ ಸ್ಟಾಪಿನವರೆಗೆ ಜೊತೆಯಾಗಿ ನಡೆಯತೊಡಗಿದೆವು. ಮಧ್ಯದ ಆ ಒಂದು ಮಾರು ಮಾತ್ರ ಕಡಿಮೆಯಾಗಲಿಲ್ಲ.

ನಾನು ಕೆ.ಆರ್. ಪುರದಲ್ಲಿ ಅಣ್ಣನ ಮನೆಯ ಮಹಡಿಯಲ್ಲಿದ್ದೆ. ಮದುವೆ ಏಕೆ ಆಗಲಿಲ್ಲ ಎಂದು ಕೇಳಿದವರಿಗೆ, ನೋಡಲು ಬಂದ ಗಂಡುಗಳೆಲ್ಲ ನನಗಿಂತ ಕಡಿಮೆ ಮಾತಾಡುವವರಾಗಿದ್ದರು ಎನ್ನುತ್ತಿದ್ದೆ. ಬೆಳಿಗ್ಗೆ ಬೆಳಿಗ್ಗೆ ಮಜ್ಜಿಗೆ ಕಡೆಯುವ ಗಡಿಬಿಡಿ ನೋಡಿ ಅತ್ತಿಗೆಗೆ ಎಲ್ಲ ಅರ್ಥವಾಯಿತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಸೆರಗು ಬಾಯಿಗಿಟ್ಟು ನಕ್ಕರು. ಇಬ್ಬರಿಗೂ ಹಲ್ಲು ಇನ್ನೂ ಇವೆ ಎಂದು ನಾನೂ ಬಿಡದೆ ಹೇಳಿದೆ.

ಒಂದು ಸೋಮವಾರ ವೆಂಕಟಾಚಲ ಎಲ್ಲರೆದುರು ನನ್ನ ಡಬ್ಬಕ್ಕೆ ಕೈ ಹಾಕಿ, ಚಕ್ಕುಲಿ ತೆಗೆದು, ಕಟುಂ ಎಂದು ಕಡಿದರು. ನನ್ನನ್ನೇ ನೋಡುತ್ತ ಪೂರ್ತಿ ತಿಂದರು. ಸಂಜೆ ಬಸ್ ಸ್ಟಾಪಿನಲ್ಲಿ ಮೊಣಕೈ ತಾಗುವಷ್ಟು ಹತ್ತಿರ ನಿಂತರು. ಆ ವಾರವಿಡೀ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಜ್ಜಿಗೆಯೇ ಗುಣ ಮಾಡಿತು ಎಂದು ಬೀಗುತ್ತಿದ್ದೆ.

ಮುಂದಿನ ವಾರ ಅವರು ತಡವಾಗಿ ಬರತೊಡಗಿದರು. ಗಡ್ಡ ಬೋಳಿಸುತ್ತಿರಲಿಲ್ಲ. ಎಂದೂ ತಪ್ಪು ಮಾಡದವರು ಒಂದೇ ಪತ್ರವನ್ನು ಎರಡು ಬಾರಿ ಟೈಪ್ ಮಾಡಿಸಿದರು. ಒಂದು ಮಧ್ಯಾಹ್ನ ಖಾಲಿ ಫಾರಂ ಮುಂದಿಟ್ಟುಕೊಂಡು ಒಂದು ಗಂಟೆ ಸುಮ್ಮನೆ ಕೂತಿದ್ದರು. ನಾನು ಬೇಕೆಂದೇ ಜೋರಾಗಿ ನಕ್ಕೆ. ತಲೆ ಎತ್ತಲಿಲ್ಲ. ನನಗೆ ಅವತ್ತು ನಿಜವಾಗಿ ಭಯವಾಯಿತು.

ಕೇಳಿದರೆ, ನಿದ್ದೆ ಬರುತ್ತಿಲ್ಲ, ಹಲ್ಲುನೋವು ಎಂದರು. ನಿದ್ದೆಗೆ ನನ್ನಲ್ಲಿ ಉಪಾಯವಿರಲಿಲ್ಲ, ಹಲ್ಲಿಗೆ ಇತ್ತು. ಶನಿವಾರ ಅರ್ಧ ದಿನ ಮುಗಿದ ಕೂಡಲೇ ಅವರನ್ನು ಆಟೋ ಹತ್ತಿಸಿಕೊಂಡು ಹಲಸೂರಿನ ಡಾಕ್ಟರ್ ಶಮೀಮ್ ಹತ್ತಿರ ಕರೆದೊಯ್ದೆ. ಹತ್ತು ವರ್ಷದಿಂದ ನನ್ನ ಹಲ್ಲು ಅವರ ಕೈಯಲ್ಲೇ ಇವೆ.

ಡಾಕ್ಟರ್ ಶಮೀಮ್ ಲೈಟು ಹಾಕಿ ಬಹಳ ಹೊತ್ತು ನೋಡಿದರು. ಒಸಡಿನ ಅಂಚಿನಲ್ಲಿ ಸಾಲಾಗಿ ಹುಳುಕು. ಈ ವಯಸ್ಸಿಗೆ ಇಷ್ಟೊಂದು ಹಲ್ಲು ಹೀಗಾಗಬೇಕಾದರೆ ಬಾಯಿ ವರ್ಷಗಟ್ಟಲೆ ಒಣಗಿರಬೇಕು ಎಂದು, ಯಾವ ಮಾತ್ರೆ ತಗೊಳ್ತೀರಿ ಎಂದು ಕೇಳಿದರು. ಏನೂ ಇಲ್ಲ ಎಂದರು ಇವರು. ಡಾಕ್ಟರ್ ಮತ್ತೆ ಕೇಳಿದರು. ನಾನು ಹೊರಗೆ ಹೋಗುತ್ತೇನೆ ಎಂದು ಎದ್ದೆ.

"ಬೇಡ, ಇರಿ," ಎಂದರು ವೆಂಕಟಾಚಲ. ಲೈಟನ್ನೇ ನೋಡುತ್ತ ಹೇಳಿದರು: "ಮನಸ್ಸಿನ ಡಾಕ್ಟರ್ ಕೊಟ್ಟ ಮಾತ್ರೆ. ಹೆಂಡತಿ ಹೋದಾಗ ಮೂರು ತಿಂಗಳು ಹಾಸಿಗೆಯಿಂದ ಎದ್ದಿರಲಿಲ್ಲ. ಅದೇ ನನ್ನನ್ನ ಎಬ್ಬಿಸಿದ್ದು. ಹದಿನೆಂಟು ದಿನ ಆಯ್ತು, ನಾನೇ ನಿಲ್ಲಿಸ್ಬಿಟ್ಟೆ."

ಏಕೆ ಎಂದು ಕೇಳಿದ್ದು ಡಾಕ್ಟರೋ ನಾನೋ ನೆನಪಿಲ್ಲ.

"ಬಾಯಿ ಒಣಗಿ ವಾಸನೆ ಬರ್ತಿತ್ತು. ಇವರ ಪಕ್ಕದಲ್ಲಿ ನಿಂತು ಮಾತಾಡ್ಬೇಕು ಅನ್ನಿಸ್ತು."

ನನಗೆ ಒಟ್ಟೊಟ್ಟಿಗೆ ಸಂತೋಷವೂ ಸಿಟ್ಟೂ ಬಂತು. ನನ್ನ ಒಂದು ಚಕ್ಕುಲಿಗಾಗಿ ಈ ಮನುಷ್ಯ ಮತ್ತೆ ಆ ಹಾಸಿಗೆಗೆ ಬೀಳುವುದರಲ್ಲಿದ್ದರು.

ಡಾಕ್ಟರ್ ಶಮೀಮ್ ಕುರ್ಚಿ ಎಳೆದುಕೊಂಡು ಕೂತರು. "ದೇಖೋ ಸಾರ್, ಬಾಯಿ ಒಣಗಿದ್ರೆ ನನ್ನ ಹತ್ರ ಹತ್ತು ದಾರಿ ಇದೆ. ಮನುಷ್ಯನೇ ಒಣಗಿದ್ರೆ ನನ್ನ ಹತ್ರ ಏನೂ ಇಲ್ಲ."

ಆ ಮಾತ್ರೆಗಳಿಂದ ಜೊಲ್ಲು ಕಡಿಮೆಯಾಗುವುದು ಮಾಮೂಲು, ಜೊಲ್ಲಿಲ್ಲದ ಬಾಯಲ್ಲಿ ಹಲ್ಲಿಗೆ ಕಾವಲಿಲ್ಲ ಎಂದು ವಿವರಿಸಿದರು. ಅದರ ಮೇಲೆ ದಿನವಿಡೀ ಪೆಪ್ಪರ್‌ಮಿಂಟ್ ಚೀಪಿದ್ದು ಸಕ್ಕರೆಯಲ್ಲಿ ಹಲ್ಲು ನೆನೆಹಾಕಿದಂತಾಗಿತ್ತು. ಆಗಾಗ ಗುಟುಕು ನೀರು, ಎರಡು ಹೊತ್ತು ಫ್ಲೋರೈಡ್ ಪೇಸ್ಟು, ಆರು ತಿಂಗಳಿಗೊಮ್ಮೆ ಇಲ್ಲಿಗೆ ಬರುವುದು, ಬೇಕಾದರೆ ಸಕ್ಕರೆಯಿಲ್ಲದ ಚೂಯಿಂಗ್ ಗಮ್ ಎಂದು ಚೀಟಿಯಲ್ಲಿ ಬರೆದರು. ಅಲ್ಲಿಂದಲೇ ಇವರ ಡಾಕ್ಟರಿಗೆ ಫೋನು ಮಾಡಿದರು. ಇವತ್ತಿನಿಂದಲೇ ಕಡಿಮೆ ಡೋಸಿನಲ್ಲಿ ಶುರು ಮಾಡಿ, ಸೋಮವಾರ ಬಂದು ಕಾಣಿ, ಬಾಯಿ ಅಷ್ಟು ಒಣಗಿಸದ ಬೇರೆ ಮಾತ್ರೆ ನೋಡೋಣ ಎಂದರಂತೆ ಅವರು.

ಒಂದು ಹಲ್ಲು ಮಾತ್ರ ಉಳಿಯುವಂತಿರಲಿಲ್ಲ. ಅದನ್ನು ಕಿತ್ತು, ಹತ್ತಿ ಕಚ್ಚಿಸಿ, ಮುಕ್ಕಾಲು ಗಂಟೆ ಬಾಯಿ ತೆರೆಯಬಾರದು ಎಂದು ನಮ್ಮನ್ನು ಹೊರಗಿನ ಬೆಂಚಿಗೆ ಕಳುಹಿಸಿದರು.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನಾನು ಜೀವಮಾನವಿಡೀ ಬೆಳ್ಳಿಯಲ್ಲೇ ತೃಪ್ತಿಪಟ್ಟವಳು. ಅಡ್ಡಮಾತು ಬಾರದ ಮುಕ್ಕಾಲು ಗಂಟೆ ಇನ್ನೊಮ್ಮೆ ಸಿಗುವುದಿಲ್ಲ ಎಂದು ಅವರ ಪಕ್ಕಕ್ಕೇ ಸರಿದು ಕೂತೆ.

"ವಾಸನೆ ನನಗೆ ಗೊತ್ತಿತ್ತು ಸಾರ್. ಮೊದಲನೇ ತಿಂಗಳಿಂದ ಗೊತ್ತಿತ್ತು. ಆದ್ರೂ ದಿನಾ ನಿಮ್ಮ ಟೇಬಲ್ ಹತ್ರ ಬರ್ತಿದ್ನಲ್ಲ? ನಾನು ತಡ್ಕೊಳ್ಳಕ್ಕಾಗದೇ ಇದ್ದಿದ್ದು ಒಂದೇ ದಿನ. ನಾನು ನಕ್ಕಾಗ ನೀವು ತಲೆ ಎತ್ತಲಿಲ್ಲವಲ್ಲ, ಆ ದಿನ. ಅಂಥ ದಿನ ನನಗೆ ಇನ್ನೊಂದು ಬೇಡ."

ಅವರು ಜೇಬಿನಿಂದ ಪೆನ್ನು ತೆಗೆದು ಚೀಟಿಯ ಹಿಂದೆ ಬರೆದರು: ಮಾತ್ರೆ ಜೀವನಪೂರ್ತಿ ಬೇಕಾಗಬಹುದು.

"ಹಾಗಾದ್ರೆ ಜೀವನಪೂರ್ತಿ ಹಾಸಿಗೆ ಪಕ್ಕ ಒಂದು ಲೋಟ ನೀರು ಇಡೋರು ಬೇಕಲ್ಲ," ಎಂದೆ. "ನಾನು ಇಡ್ತೀನಿ. ಮಾತ್ರೆ ಬಿಡಲ್ಲ ಅಂತ ಮಾತು ಕೊಟ್ರೆ ಮದುವೆ ಆಗ್ತೀನಿ. ಮಾತ್ರೆ ಬಿಟ್ಟು ನನ್ನ ಹತ್ರ ಬರೋ ಹಾಗಿದ್ರೆ ಬೇಡ."

ಅವರು ಪೆನ್ನು ಮುಚ್ಚಿ ಮತ್ತೆ ಜೇಬಿಗಿಟ್ಟರು. ಗೋಡೆಯ ಗಡಿಯಾರದಲ್ಲಿ ಮುಕ್ಕಾಲು ಗಂಟೆ ಮುಗಿದಾಗ ಎದ್ದು ಹೋಗಿ ಹತ್ತಿ ಉಗಿದು, ಬಾಯಿ ಒರೆಸಿಕೊಂಡು ಬಂದು, ನನ್ನ ಎದುರಿಗೆ ನೇರ ಮುಖ ಕೊಟ್ಟು ನಿಂತರು. ಅರ್ಧ ತುಟಿಗೆ ಇನ್ನೂ ಜೋಮಿತ್ತು, ಮಾತು ಸೊಟ್ಟಗೆ ಬಂತು.

"ನಾಳೆ ಭಾನುವಾರ. ನಿಮ್ಮಣ್ಣನ ಮನೆಗೆ ಬರ್ತೀನಿ. ಮಾತ್ರೆ ವಿಷ್ಯ ನಾನೇ ಮೊದಲು ಹೇಳ್ತೀನಿ, ಯಾಕೆ ತಗೋತೀನಿ ಅನ್ನೋದೂ ಹೇಳ್ತೀನಿ. ನೀವು ಯಾರ ಹತ್ರನೂ ಮುಚ್ಚಿಡಬೇಡಿ."

ಪಕ್ಕದ ಬೆಂಚಿನಲ್ಲಿ ಕೆನ್ನೆ ಹಿಡಿದು ಕೂತಿದ್ದ ನಾಲ್ಕು ಜನ ನಮ್ಮನ್ನೇ ನೋಡುತ್ತಿದ್ದರು. ಅಷ್ಟು ಜನರೆದುರು ಅವರು ನನ್ನ ಕೈ ಹಿಡಿದುಕೊಂಡರು, ನಾನೂ ಬಿಡಿಸಿಕೊಳ್ಳಲಿಲ್ಲ.